ಲಂಕೆಯಲ್ಲಿ ಕಾಶಕ್ಕನ ಉಳಿತಾಯ

ಕೋಟನೂರ

ಶ್ರೀಲಂಕಾಕ್ಕೆ ಹೋಗಬೇಕಾಗಿದ್ದವರು ಮೂವರು, ಹೋದವರು ಇಬ್ಬರು. ಆ ಇಬ್ಬರೂ ಹನ್ನೊಂದು ವರ್ಷಗಳಿಂದ ಒಬ್ಬರೊಡನೊಬ್ಬರು ನೇರವಾಗಿ ಮಾತಾಡಿರಲಿಲ್ಲ.

ಮೂರನೆಯವರು ನನ್ನ ಗಂಡ ಧರ್ಮಣ್ಣ. ಹೊರಡಲು ಎಂಟು ದಿನ ಬಾಕಿ ಇರುವಾಗ ಕಲಬುರಗಿಯ ಜಗತ್ ಸರ್ಕಲ್ಲಿನಲ್ಲಿ ನಿಂತ ಸ್ಕೂಟರಿನ ಮೇಲಿಂದ ಬಿದ್ದು ಕಾಲು ಮುರಿದುಕೊಂಡರು. ಓಡುವ ಗಾಡಿಯಿಂದ ಬಿದ್ದಿದ್ದರೆ ಹೇಳಿಕೊಳ್ಳಲಾದರೂ ಒಂದು ಕಥೆ ಇರುತ್ತಿತ್ತು. ಪ್ಲಾಸ್ಟರ್ ಹಾಕಿಸಿಕೊಂಡು ಕೋಟನೂರಿನ ನಮ್ಮ ಮನೆಗೆ ಬಂದವರು, ಮಂಚದ ಮೇಲೆ ಕಾಲು ಚಾಚಿ, "ಟಿಕೆಟ್ ವಾಪಸ್ ಆಗಂಗಿಲ್ಲಂತ. ನೀನೂ ಅಕ್ಕಾನೂ ಹೋಗಿ ಬರ್ರಿ" ಎಂದರು.

"ಅಕ್ಕಾನ ಜೋಡಿ ನಾ?" ಎಂದೆ.

"ಬೋಧಿವೃಕ್ಷ ನೋಡಬೇಕಂತ ಎಷ್ಟು ವರ್ಷದಿಂದ ಅನ್ನಾಕತ್ತಾಳ. ನನ್ನ ಕಾಲು ಮುರೀತಂತ ಆಕಿ ಆಸೀನೂ ಮುರೀಬೇಕೇನು?"

ಅಕ್ಕ ಎಂದರೆ ಕಾಶಕ್ಕ, ನನ್ನ ಗಂಡನ ದೊಡ್ಡಕ್ಕ. ವಯಸ್ಸು ಅರವತ್ತು ದಾಟಿದೆ. ಎಳೆ ಪ್ರಾಯದಲ್ಲೇ ಗಂಡನನ್ನು ಕಳೆದುಕೊಂಡು ಕಮಲಾಪುರದ ತವರಿಗೆ ಬಂದವರು, ಕೆಂಪು ಬಾಳೆ ಬೆಳೆದು, ಮಾರಿ, ತಮ್ಮನನ್ನು ಓದಿಸಿದರು. ನನ್ನ ಗಂಡ ಉಣ್ಣುವ ಪ್ರತಿ ತುತ್ತಿನಲ್ಲೂ ಆ ಬಾಳೆಯ ಪಾಲಿದೆ. ಇದನ್ನು ಕಾಶಕ್ಕ ಎಂದೂ ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಉಳಿತಾಯದ ವಿಷಯ ಬಂದರೆ ಅವರ ಬಾಯಿಗೆ ಬಾಗಿಲಿಲ್ಲ. ನಾವು ಕೋಟನೂರಿನಲ್ಲಿ ಮನೆ ಕಟ್ಟಿ, ನಾನು ನನ್ನ ಪಗಾರದಲ್ಲಿ ಒಂದು ದೊಡ್ಡ ಸೋಫಾ ತಂದಿದ್ದೆ. ಗೃಹಪ್ರವೇಶದ ದಿನ ಕಾಶಕ್ಕ ಅದರ ಮೇಲೆ ಒಂದು ಗಳಿಗೆ ಕುಳಿತು, ತಟ್ಟನೆ ಎದ್ದು, ನೆಂಟರೆಲ್ಲರ ಎದುರಿಗೆ, "ಇದರ ಮ್ಯಾಲ ಯಾರು ಕೂಡೋರು, ಇಡೀ ಕಮಲಾಪುರಾ?" ಎಂದರು. ನೆಂಟರೆಲ್ಲ ನಕ್ಕರು. ನಾನು ಒಳಗೆ ಹೋಗಿ ಅತ್ತೆ. ಅಲ್ಲಿಂದ ಮುಂದೆ ನಮ್ಮಿಬ್ಬರ ನಡುವಿನ ಮಾತೆಲ್ಲ ಧರ್ಮಣ್ಣನವರ ಮೂಲಕವೇ ಸಾಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿ ಗಣಿತ ಕಲಿಸುವವಳು. ಬೇಸಿಗೆ ರಜೆ, ಕೈಯಲ್ಲಿ ಪಾಸ್‌ಪೋರ್ಟ್, ಹಾಳಾಗಲಿರುವ ಟಿಕೆಟ್. ಲೆಕ್ಕ ಹಾಕಿ ನೋಡಿದೆ. ಹೋಗುವುದೇ ಸರಿ ಎನಿಸಿತು.

ಬೆಂಗಳೂರಿನ ವಿಮಾನ ನಿಲ್ದಾಣ

ನಮ್ಮಿಬ್ಬರದೂ ಸೇರಿ ಒಂದೇ ದೊಡ್ಡ ಬ್ಯಾಗು. ಅದು ಧರ್ಮಣ್ಣನವರ ಐಡಿಯಾ. ಒಂದೇ ಬ್ಯಾಗಾದರೆ ಒಂದೇ ಮನಸ್ಸಾಗುತ್ತದೆ ಎಂದು ಅವರ ನಂಬಿಕೆ. ಅದರಲ್ಲಿ ಕಾಶಕ್ಕ ತುಂಬಿದ್ದು ಜೋಳದ ಅರವತ್ತು ಒಣ ಕಟಕ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳುವ ಚಟ್ನಿಪುಡಿಗಳಾದ ಶೇಂಗಾ ಹಿಂಡಿ, ಅಗಸಿ ಹಿಂಡಿ, ಎರಡು ಸೀರೆ, ಒಂದು ಕೌದಿ. ನಾನು ತುಂಬಿದ್ದನ್ನು ಇಲ್ಲಿ ಹೇಳುವುದಿಲ್ಲ, ಯಾಕೆಂದರೆ ಕೌಂಟರಿನಲ್ಲಿ ಎಲ್ಲರೂ ಅದನ್ನು ನೋಡಿಬಿಟ್ಟರು.

ತೂಕ ನಾಲ್ಕು ಕಿಲೋ ಜಾಸ್ತಿ ಬಂತು. ಹೆಚ್ಚಿಗೆ ಹಣ ಕಟ್ಟಬೇಕು, ಇಲ್ಲವೇ ಸಾಮಾನು ತೆಗೆಯಬೇಕು ಎಂದಳು ಅಲ್ಲಿದ್ದ ಹುಡುಗಿ. ಕಾಶಕ್ಕ ನನ್ನ ಕಡೆ ತಿರುಗದೆ ಅವಳಿಗೇ ಹೇಳಿದರು: "ತಡೀ ಅವ್ವಾ. ರೊಟ್ಟಿಗೇನು ತೂಕ ಇರ್ತದ? ಇದರಾಗ ಬ್ಯಾರೆ ಏನೋ ಅದ."

ಅಲ್ಲೇ ನೆಲದ ಮೇಲೆ ಕುಳಿತು ಬ್ಯಾಗು ಬಿಚ್ಚಿದರು. ನನ್ನ ಇಸ್ತ್ರಿ ಪೆಟ್ಟಿಗೆ ಹೊರಗೆ ಬಂತು. ಕೂದಲು ಒಣಗಿಸುವ ಯಂತ್ರ ಬಂತು. ಕರೆಂಟ್ ಕೆಟಲ್, ಗಾಳಿ ತುಂಬುವ ಕುತ್ತಿಗೆಯ ದಿಂಬು, ಮೂರು ಜೊತೆ ಚಪ್ಪಲಿ, ಹೋಟೆಲಿನ ದಿಂಬು ಚೆನ್ನಾಗಿರಲಿಕ್ಕಿಲ್ಲ ಎಂದು ತಂದಿದ್ದ ಮನೆಯ ದಿಂಬು, ಎಲ್ಲವೂ ಬಂದವು. ಸಾಲಿನಲ್ಲಿ ನಿಂತವರು ಕುತ್ತಿಗೆ ಉದ್ದ ಮಾಡಿ ನೋಡುತ್ತಿದ್ದರು. ಕಾಶಕ್ಕ ಒಂದೊಂದನ್ನೂ ಎತ್ತಿ ಹಿಡಿದು, ಸಂತೆಯಲ್ಲಿ ಹರಾಜು ಕೂಗುವವರ ಹಾಗೆ, "ಇದು ಯಾರದು? ಇದು ಯಾರದು?" ಎಂದು ಕೇಳುತ್ತಿದ್ದರು. ಯಾರದೆಂದು ಅವರಿಗೆ ಗೊತ್ತಿತ್ತು.

ಕೊನೆಗೆ ಕೌದಿಯನ್ನು ಅವರು ಶಾಲಿನ ಹಾಗೆ ಹೊದ್ದರು. ಮನೆಯ ದಿಂಬನ್ನು ನಾನು ಮಗುವಿನ ಹಾಗೆ ಎದೆಗವಚಿಕೊಂಡೆ, ಇನ್ನೊಂದು ದಿಂಬು ಕುತ್ತಿಗೆಗೆ ಬಂತು. ಇಸ್ತ್ರಿ ಪೆಟ್ಟಿಗೆ, ಕೆಟಲ್ಲುಗಳನ್ನು ನನ್ನ ಕೈಚೀಲಕ್ಕೆ ತುರುಕಿದ್ದಾಯಿತು. ಮೇ ತಿಂಗಳ ಸೆಕೆಯಲ್ಲಿ ಒಬ್ಬರು ಕೌದಿ ಹೊದ್ದು, ಇನ್ನೊಬ್ಬಳು ಎರಡು ದಿಂಬು ಹೊತ್ತು ವಿದೇಶಕ್ಕೆ ಹೊರಟೆವು. ತಪಾಸಣೆಯ ಪೊಲೀಸ್ ಹೆಂಗಸು ನನ್ನ ಕೈಚೀಲದಲ್ಲಿ ಇಸ್ತ್ರಿ ಪೆಟ್ಟಿಗೆ ಕಂಡು ಮೇಲಿಂದ ಕೆಳಗೆ ನೋಡಿದಳೇ ಹೊರತು ಏನೂ ಕೇಳಲಿಲ್ಲ.

ವಿಮಾನದಲ್ಲಿ ಊಟಕ್ಕೆ ಬೇರೆ ಹಣ ಎಂದು ತಿಳಿದಾಗ ಕಾಶಕ್ಕ ಮಡಿಲಿನ ಗಂಟಿನಿಂದ ಒಂದು ರೊಟ್ಟಿ ತೆಗೆದು ಮುರಿದರು. ಕಟಕ ರೊಟ್ಟಿ ಮುರಿಯುವ ಸದ್ದು ನಮ್ಮ ಕಡೆ ಯಾರಿಗೂ ಕೇಳಿಸುವುದಿಲ್ಲ, ಕೇಳಿ ಕೇಳಿ ರೂಢಿಯಾಗಿದೆ. ಆಕಾಶದಲ್ಲಿ ಅದು ಬೇರೆ ಥರ ಕೇಳಿಸುತ್ತದೆ. ಮುಂದಿನ ಸಾಲಿನ ಮುದುಕರೊಬ್ಬರು ರೆಕ್ಕೆಯ ಕಡೆ ನೋಡಿದರು.

ಕೊಲಂಬೊದಿಂದ ಅನುರಾಧಪುರದ ರೈಲು

ಅದು ಬುದ್ಧ ಪೂರ್ಣಿಮೆಯ ಹಿಂದಿನ ದಿನ. ಅರ್ಧ ದೇಶ ಬಿಳಿ ಬಟ್ಟೆ ತೊಟ್ಟು ಅನುರಾಧಪುರಕ್ಕೆ ಹೊರಟಿತ್ತು. ನಾನು ಎ.ಸಿ. ಬೋಗಿ ಎಂದಿದ್ದೆ, ಕಾಶಕ್ಕ ತಮ್ಮನಿಗೆ ಫೋನು ಮಾಡಿ ಮೂರನೇ ದರ್ಜೆ ಎಂದು ಹೇಳಿಸಿದ್ದರು. ಮೂರನೇ ದರ್ಜೆಯೇ ಆಯಿತು.

ಪಕ್ಕಪಕ್ಕದಲ್ಲಿ ಕುಳಿತಿದ್ದೆವು. ಕಿಟಕಿಯಿಂದ ಧೂಳು ನುಗ್ಗುತ್ತಿತ್ತು. ಕಾಶಕ್ಕ ಕಲಬುರಗಿಗೆ ಫೋನು ಹಚ್ಚಿ, "ತಮ್ಮಾ, ನಿನ್ನ ಹೆಣ್ತಿಗೆ ಆ ಖಿಡಕಿ ಹಾಕಂತ ಹೇಳು" ಎಂದರು.

ನಾನು ಫೋನು ಇಸಿದುಕೊಂಡು, "ಗಾಳಿ ಬೇಕಂತ ಹೇಳ್ರಿ ನಿಮ್ಮ ಅಕ್ಕಾಗ" ಎಂದೆ.

ಆ ಕಡೆಯಿಂದ ಧರ್ಮಣ್ಣನವರು ಕೂಗಿಕೊಂಡರು: "ಯಪ್ಪಾ, ಅಲ್ಲಿಂದ ಮಾಡೋ ಫೋನಿಗೆ ಮಿಂಟಿಗಿಷ್ಟಂತ ಕಡೀತದರೀ! ಇಬ್ರೂ ಒಂದೇ ಸೀಟಿನ ಮ್ಯಾಲ ಕುಂತೀರಿ!"

ಕಾಶಕ್ಕನ ಮುಖ ಬದಲಾಯಿತು. ಫೋನನ್ನು ಹಾವಿನ ಹಾಗೆ ದೂರ ಹಿಡಿದು ಬಂದ್ ಮಾಡಿದರು. ಆಮೇಲೆ ನನ್ನ ಕಡೆ ಪೂರ್ತಿ ತಿರುಗಿ, "ರತ್ನಾ, ಖಿಡಕಿ ಹಾಕು" ಎಂದರು.

"ಹೂಂರೀ ಅಕ್ಕಾ" ಎಂದೆ.

ಹನ್ನೊಂದು ವರ್ಷಗಳಲ್ಲಿ ನೆಂಟರು, ಹಿರಿಯರು ಎಷ್ಟೋ ಜನ ಪಂಚಾಯ್ತಿ ಮಾಡಿ ಸೋತಿದ್ದರು. ಕಡೆಗೆ ಕೆಲಸ ಮಾಡಿದ್ದು ಫೋನಿನ ದರ.

ಆ ರೈಲಿನಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಯಾರು ಯಾರಿಗೆ ಏನು ಹೇಳಿದರೂ ಎದುರಿನವರು "ಹರಿ, ಹರಿ" ಎನ್ನುತ್ತಿದ್ದರು. ಸರಿದು ಕೂಡಿ ಎಂದರೆ ಹರಿ ಹರಿ. ಟಿಕೆಟ್ ತೋರಿಸಿ ಎಂದರೂ ಹರಿ ಹರಿ. ಕಾಶಕ್ಕ ನನ್ನ ಕಿವಿಯಲ್ಲಿ, "ಬುದ್ಧನ ದೇಶ ಅಂದಿದ್ರಿ. ಇವರು ಹರಿನಾಮ ಬಿಟ್ಟು ಮಾತೇ ಆಡವಲ್ರು!" ಎಂದರು. ಅದು ಅವರ ಭಾಷೆಯಲ್ಲಿ 'ಆಯ್ತು ಆಯ್ತು' ಎಂದಂತೆ ಎಂಬುದು ನಮಗೆ ತಿಳಿದದ್ದು ಮರುದಿನ. ಅಷ್ಟರಲ್ಲಿ ಶೇಂಗಾ ಮಾರುವ ಹೆಂಗಸೊಬ್ಬಳು ಬಂದು "ಅಕ್ಕಾ" ಎಂದು ಕರೆದಳು. ಕಾಶಕ್ಕ ಬೆಚ್ಚಿ ಎದ್ದೇ ನಿಂತರು. "ಈಕಿಗೆ ನಾ ಹೆಂಗ ಗೊತ್ತು?" ಅಕ್ಕನಿಗೆ ಅವರೂ ಅಕ್ಕ ಎಂದೇ ಅನ್ನುತ್ತಾರೆ ಎಂದು ಎದುರಿಗಿದ್ದವರು ಇಂಗ್ಲಿಷಿನಲ್ಲಿ ತಿಳಿಸಿದರು. ಅಲ್ಲಿಂದ ಕಾಶಕ್ಕ ಲಂಕೆಯವರ ಜೊತೆ ಬರೀ ಕನ್ನಡ ಮಾತಾಡಿದರು. ನನ್ನ ಇಂಗ್ಲಿಷಿಗಿಂತ ಅದೇ ಚೆನ್ನಾಗಿ ನಡೆಯಿತು ಎಂಬುದನ್ನು ಹೊಟ್ಟೆಕಿಚ್ಚಿನಿಂದಲೇ ಬರೆಯುತ್ತಿದ್ದೇನೆ.

ಅನುರಾಧಪುರ, ಮಧ್ಯಾಹ್ನ

ಒಂದು ವಿಷಯದಲ್ಲಿ ಮಾತ್ರ ನಾನು ಸೋತಿರಲಿಲ್ಲ. ಕೆರೆಯ ಎದುರಿಗಿದ್ದ ಒಳ್ಳೆಯ ಹೋಟೆಲಿನಲ್ಲಿ, ತಣ್ಣನೆಯ ಕೋಣೆಯನ್ನು ಮೊದಲೇ ಹಣ ಕಟ್ಟಿ ಹಿಡಿದಿದ್ದೆ. ಕಾಶಕ್ಕ ಯಾತ್ರಿಕರ ಛತ್ರದಲ್ಲಿ ಇರೋಣವೆಂದು ಹಟ ಹಿಡಿದರೂ ಬಿಟ್ಟುಕೊಟ್ಟಿರಲಿಲ್ಲ. ರೈಲಿನ ಧೂಳಿನಲ್ಲಿ ಐದು ತಾಸು ಆ ಕೋಣೆಯನ್ನೇ ಜಪಿಸುತ್ತ ಬಂದಿದ್ದೆ.

ಹೋಟೆಲಿನ ಹುಡುಗಿ ನನ್ನ ಫೋನಿನಲ್ಲಿದ್ದ ಚೀಟಿಯನ್ನು ನೋಡಿದಳು. ಮತ್ತೊಮ್ಮೆ ನೋಡಿದಳು. ಬಹಳ ಮೃದುವಾಗಿ, "ನಿಮ್ಮ ಕೋಣೆ ಇದೆ ಮೇಡಂ, ಆದರೆ ಮುಂದಿನ ತಿಂಗಳು" ಎಂದಳು.

ತಾರೀಖು ಸರಿಯಾಗಿತ್ತು, ತಿಂಗಳು ತಪ್ಪಿತ್ತು. ಮಕ್ಕಳು ಮೀಟರ್ ಬರೆಯುವಲ್ಲಿ ಸೆಂಟಿಮೀಟರ್ ಬರೆದರೆ ಅರ್ಧ ಅಂಕ ಕತ್ತರಿಸಿ, ಕೆಂಪು ಶಾಯಿಯಲ್ಲಿ 'ಗಮನ ಎಲ್ಲಿತ್ತು?' ಎಂದು ಬರೆಯುವವಳು ನಾನು. ಹಬ್ಬದ ಹಿಂದಿನ ದಿನ, ಊರಲ್ಲಿ ಒಂದು ಕೋಣೆಯೂ ಖಾಲಿ ಇರಲಿಲ್ಲ. ಕಾಶಕ್ಕ ಕೌದಿ ಹೊದ್ದು ಆ ಹೊಳೆಯುವ ನೆಲದ ಮೇಲೆ ನಿಂತಿದ್ದರು. ಈಗ ಬೈಯುತ್ತಾರೆ, ಊರಿಗೆ ಹೋಗಿ ಎಲ್ಲರ ಎದುರಿಗೆ ಹೇಳುತ್ತಾರೆ ಎಂದು ಕಾದೆ.

ಅವರು ಬ್ಯಾಗಿನ ಹಿಡಿಕೆ ಹಿಡಿದು, "ನಡೀ. ಹೊಟ್ಟಿ ಹಸದದ" ಎಂದರು. ಅಷ್ಟೇ. ಬೈದಿದ್ದರೇ ಚೆನ್ನಾಗಿತ್ತೇನೋ.

ರಸ್ತೆಗೆ ಬಂದರೆ ಹತ್ತು ಹೆಜ್ಜೆಗೊಂದು ಚಪ್ಪರ. ಬಿದಿರು, ಬಣ್ಣದ ಕಾಗದದ ದೀಪಗಳು, ದೊಡ್ಡ ದೊಡ್ಡ ಪಾತ್ರೆಗಳು. ಹೋಗುವ ಬಸ್ಸು, ಕಾರುಗಳನ್ನು ಅಡ್ಡಗಟ್ಟಿ ಜನರನ್ನು ಇಳಿಸಿ ಊಟಕ್ಕೆ ಕೂರಿಸುತ್ತಿದ್ದರು. ಬುದ್ಧ ಪೂರ್ಣಿಮೆಗೆ ಅಲ್ಲಿ ಊರೆಲ್ಲ ಅನ್ನ ಹಾಕುತ್ತದೆ. ನಮ್ಮ ಶರಣಬಸವೇಶ್ವರ ಗುಡಿಯ ದಾಸೋಹವನ್ನು ಎತ್ತಿ ರಸ್ತೆಯುದ್ದಕ್ಕೂ ಹರಡಿದಂತಿತ್ತು. ಒಂದು ಚಪ್ಪರದಿಂದ ನಮ್ಮ ಕಾಶಕ್ಕನಷ್ಟೇ ವಯಸ್ಸಿನ, ಎತ್ತರದ ಹೆಂಗಸೊಬ್ಬರು ಬಂದು ನಮ್ಮ ಬ್ಯಾಗನ್ನೇ ಎಳೆದುಕೊಂಡು ಒಳಗೆ ಹೋದರು. ಬ್ಯಾಗಿನ ಹಿಂದೆ ನಾವು. ಅವರ ಹೆಸರು ಸೋಮಾವತಿ, ಚಪ್ಪರದ ಹಿಂದಿದ್ದ ಯಾತ್ರಿಕರ ಛತ್ರವನ್ನು ನೋಡಿಕೊಳ್ಳುವವರು.

ಪುಕ್ಕಟೆ ಊಟ. ಕಾಶಕ್ಕನಿಗೆ ಹಿಗ್ಗೋ ಹಿಗ್ಗು ಆಗುತ್ತದೆಂದು ತಿಳಿದಿದ್ದೆ. ಅವರೋ ಅನ್ನದ ತಟ್ಟೆಯನ್ನು ಮುಟ್ಟದೆ ಕುಳಿತರು.

"ಯಾಕ್ರೀ ಅಕ್ಕಾ?"

"ಕೈ ಆಡಿಸ್ದೆ ಉಂಡ್ರ ಮೈಗೆ ಹತ್ತಂಗಿಲ್ಲ" ಎಂದು ಎದ್ದು ಹೋಗಿ ಬ್ಯಾಗು ಬಿಚ್ಚಿದರು. ಅರವತ್ತರಲ್ಲಿ ಉಳಿದಿದ್ದ ರೊಟ್ಟಿಗಳೆಲ್ಲ ಹೊರಗೆ ಬಂದವು. ಹಿಂಡಿಯ ಡಬ್ಬಿ ಹಿಡಿದು ಬಡಿಸುವವರ ಸಾಲಿನಲ್ಲಿ ನಿಂತೇಬಿಟ್ಟರು.

ಲಂಕೆಯವರು ಕಟಕ ರೊಟ್ಟಿ ಕಂಡವರಲ್ಲ. ಮೊದಲನೆಯಾತ ಅದನ್ನು ಕಾಗದದ ತಟ್ಟೆ ಎಂದುಕೊಂಡು ಅದರ ಮೇಲೆ ಅನ್ನ ಹಾಕಿಸಿಕೊಂಡ. ಎರಡನೆಯಾಕೆ ಗಾಳಿ ಬೀಸಿಕೊಂಡಳು. ಮೂರನೆಯ ಅಜ್ಜ ಧೈರ್ಯ ಮಾಡಿ ಕಚ್ಚಿದರು. ಚಪ್ಪರವೆಲ್ಲ ತಿರುಗಿ ನೋಡುವಂಥ ಸದ್ದಾಯಿತು. ಅಜ್ಜ ಬಾಯಿಗೆ ಕೈ ಹಾಕಿ ಹಲ್ಲುಗಳನ್ನೆಲ್ಲ ಒಂದು ಸಲ ಮುಟ್ಟಿ ನೋಡಿಕೊಂಡರು. ಎಲ್ಲ ಸ್ವಸ್ಥಾನದಲ್ಲಿದ್ದವು. "ಹರಿ, ಹರಿ" ಎಂದರು. "ಹಂಗಲ್ಲೋ ಯಪ್ಪಾ, ಮುರದು ತಿನ್ನು, ಹಿಂಡಿ ಹಚ್ಚಿ ತಿನ್ನು" ಎಂದು ಕಾಶಕ್ಕ ತೋರಿಸಿಕೊಟ್ಟರು. ಅಗಸಿ ಹಿಂಡಿ ನಾಲಿಗೆಗೆ ತಾಗಿದ ಮೇಲೆ ಅಜ್ಜ ಮತ್ತೆ ಸಾಲಿಗೆ ಬಂದರು. ಅವರ ಹಿಂದೆ ಇನ್ನೂ ಹತ್ತು ಜನ. ಸಂಜೆಯ ಹೊತ್ತಿಗೆ ರೊಟ್ಟಿ ಮುಗಿದು, ಕಾಶಕ್ಕ ಸೋಮಾವತಿಯ ಜೊತೆ ಪಾತ್ರೆ ತಿಕ್ಕುತ್ತ ಕನ್ನಡದಲ್ಲಿ ಕಮಲಾಪುರದ ನೀರಿನ ತಾಪತ್ರಯ ಹೇಳುತ್ತಿದ್ದರು; ಆಕೆ ಸಿಂಹಳದಲ್ಲಿ ಮರುಗುತ್ತಿದ್ದರು. ತುಂಬಿ ತುಳುಕುತ್ತಿದ್ದ ಛತ್ರದಲ್ಲಿ ನಮಗೆ ಎರಡು ಚಾಪೆಯ ಜಾಗ ಸಿಕ್ಕಿತು.

ಮನೆಯ ದಿಂಬು ತಂದಿದ್ದು ನಾನೊಬ್ಬಳೇ. ಅದನ್ನು ಬಸುರಿಯೊಬ್ಬಳಿಗೆ ಕೊಡಿಸಿದವರು ಕಾಶಕ್ಕ. ನನ್ನನ್ನು ಕೇಳಲಿಲ್ಲ.

ಬೋಧಿವೃಕ್ಷ

ಮರುದಿನ ಮುಂಜಾನೆ ಬಿಳಿಯ ಹೊಳೆಯೊಂದು ಹರಿಯುವಂತೆ ಜನ. ಎತ್ತರದ ಕಟ್ಟೆಯ ಮೇಲೆ ಆ ಮರ. ಸಾವಿರಾರು ವರ್ಷದ ಹಿಂದೆ ರಾಜಕುಮಾರಿಯೊಬ್ಬಳು ನಮ್ಮ ನೆಲದಿಂದ ಕೊಂಬೆ ತಂದು ಇಲ್ಲಿ ನೆಟ್ಟಳು ಎಂಬುದನ್ನು ಕಾಶಕ್ಕ ತಮ್ಮ ತಾಯಿಯ ಬಾಯಲ್ಲಿ ಕೇಳಿ ಬೆಳೆದವರು. ವಾಲಿದ ಕೊಂಬೆಗಳಿಗೆ ಬಂಗಾರ ಬಣ್ಣದ ಆನಿಕೆ ಕೊಟ್ಟಿದ್ದರು. ಕಾಶಕ್ಕ ಬಹಳ ಹೊತ್ತು ಕೈಮುಗಿದು ನಿಂತು, "ಮುದುಕಿ ಆಗ್ಯಾಳ. ಖರೇ, ಬರಾಬ್ಬರಿ ನೋಡ್ಕೊಂಡಾರ" ಎಂದರು. ಕೊಟ್ಟ ಮನೆಯಲ್ಲಿ ಮಗಳನ್ನು ಕಂಡು ಬಂದವರ ಧ್ವನಿ ಅದು. ನನ್ನ ಕಣ್ಣೂ ಒದ್ದೆಯಾಯಿತು.

ಆಮೇಲೆ ಚಪ್ಪಲಿಯ ಪ್ರಕರಣ. ಬಾಗಿಲಲ್ಲಿ ಚಪ್ಪಲಿ ಕಾಯುವವರಿಗೆ ಚಿಲ್ಲರೆ ಕೊಡಬೇಕಾಗುತ್ತದೆಂದು ಕಾಶಕ್ಕ ತಮ್ಮದನ್ನು ಗುಟ್ಟಾಗಿ ಒಂದು ಪೊದೆಯ ಕೆಳಗೆ ಇಟ್ಟಿದ್ದರು. ವಾಪಸು ಬಂದಾಗ ಪೊದೆಯಲ್ಲಿ ಒಂದು ಚಪ್ಪಲಿ ಇತ್ತು, ಇನ್ನೊಂದು ಮೇಲೆ ಮಂಗನ ಕೈಯಲ್ಲಿತ್ತು. ಕಾಶಕ್ಕ ಹೆದರಿಸಿದರು, ಬೇಡಿಕೊಂಡರು, ದಖನಿ ಉರ್ದುವಿನಲ್ಲಿ ಚೌಕಾಸಿ ಕೂಡ ಮಾಡಿದರು. ಮಂಗ ಚಪ್ಪಲಿಯನ್ನು ಮೂಸಿ, ಮುಖ ಸಿಂಡರಿಸಿ, ಮತ್ತೂ ಮೇಲೇರಿತು.

ನನ್ನ ಚಪ್ಪಲಿ ಅವರ ಕಾಲಿಗೆ ಹಿಡಿಯಲಿಲ್ಲ. "ಹೊಸಾವು ತಗೊಳ್ಳೋಣ ಬರ್ರಿ" ಎಂದೆ.

"ಮನ್ಯಾಗ ಇನ್ನೊಂದು ಜೋಡಿ ಅದ."

"ಮನಿ ಕಮಲಾಪುರದಾಗ ಅದರೀ! ಆಟೋ ಆದ್ರೂ ಹಿಡಿಯೋಣ."

"ಇಲ್ಲೇ ಅದ ಛತ್ರ. ನಡೀ."

ನೆತ್ತಿಯ ಮೇಲೆ ಸೂರ್ಯ, ಕಾಲ ಕೆಳಗೆ ಕಾದ ಮರಳು. ಅವರು ಮುಂದೆ ಮುಂದೆ ಬಿರಬಿರನೆ ನಡೆದರು. ಕಾಲು ಸುಡುತ್ತಿದ್ದುದರಿಂದ ಹಾಗೆ ನಡೆಯುತ್ತಿದ್ದರೆಂದು ನನಗೆ ಹೊಳೆಯಲಿಲ್ಲ.

ಛತ್ರದ ಜಗಲಿ

ಮಧ್ಯಾಹ್ನ ಊಟಕ್ಕೆ ಕರೆದರೆ ಕಾಶಕ್ಕ ಏಳಲಿಲ್ಲ. ಸೀರೆಯ ಅಂಚನ್ನು ಪಾದದ ಮೇಲೆ ಎಳೆದುಕೊಂಡು ಕುಳಿತಿದ್ದರು. ಅಂಚು ಸರಿಸಿ ನೋಡಿದೆ. ಎರಡೂ ಅಂಗಾಲಿನಲ್ಲಿ ದೊಡ್ಡ ದೊಡ್ಡ ಬೊಬ್ಬೆ.

ಹನ್ನೊಂದು ವರ್ಷದ ಸಿಟ್ಟು ಒಮ್ಮೆಲೇ ಬಂತು. "ನಿಮಗೇನರೆ ಆಗಿದ್ರ ನಿಮ್ಮ ತಮ್ಮಗ ನಾ ಏನು ಹೇಳ್ಲಿ? ಒಂದೀಟು ಆಟೋದಾಗ ಕುಂತಿದ್ರ ಏನು ಹೋಗ್ತಿತ್ತು ನಿಮ್ಮದು? ರೊಕ್ಕ ಏನು ಎದಿ ಮ್ಯಾಲ ಹೊತ್ಕೊಂಡು ಹೋಗ್ತೀರೇನು?" ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

ಕಾಶಕ್ಕ ಪಾದ ನೋಡುತ್ತ ಮೆಲ್ಲಗೆ ಹೇಳಿದರು: "ರೊಕ್ಕದ ಮಾತಲ್ಲ ರತ್ನಾ. ಆರಾಮ ಒಮ್ಮೆ ಮೈಗೆ ಹತ್ತಿದ್ರ ಬಿಡಂಗಿಲ್ಲ. ಊರಿಗೆ ಹೋದ ಮರುದಿನಾನೇ ನಾ ಹೊಲಕ್ಕ ನಡಕೋತ ಹೋಗಾಕಿ. ಆಗ ಆಟೋ ನೆನಪಾದ್ರ? ಅದಕ್ಕ ನಾ ಅದರ ರುಚೀನೇ ನೋಡಂಗಿಲ್ಲ." ಸೀರೆಯ ಅಂಚನ್ನು ಮತ್ತೆ ಎಳೆದುಕೊಳ್ಳುತ್ತ ಹೇಳಿದರು: "ಅವತ್ತು ನಿನ್ನ ಸೋಫಾದ ಮ್ಯಾಲ ಕುಂತೆ ನೋಡು. ಏಳಾಕ ಮನಸ್ಸೇ ಆಗಲಿಲ್ಲ. ಹೆದರಿಕಿ ಬಂತು. ಆ ಹೆದರಿಕಿಗೆ ಏನೋ ಅಂದೆ. ನೀ ಒಳಗ ಹೋಗಿ ಅತ್ತಿದ್ದು ಕೇಳಿಸ್ತು ನನಗ."

ನಾನು ಅವರ ಪಾದ ಹಿಡಿದುಕೊಂಡೇ ಕುಳಿತೆ. ಯಾರ ಪಾದವನ್ನೂ ಹಿಡಿದು ಕೂರುವವಳಲ್ಲ ನಾನು.

ಅಷ್ಟರಲ್ಲಿ ಸೋಮಾವತಿ ಬಂದರು. ಒಂದು ಕೈಯಲ್ಲಿ ಸೀಳಿದ ಲೋಳೆಸರ, ಇನ್ನೊಂದರಲ್ಲಿ ತಟ್ಟೆ. ತಟ್ಟೆಯಲ್ಲಿ ಕೆಂಪು ಬಾಳೆಹಣ್ಣು.

ಕಾಶಕ್ಕ ಬೊಬ್ಬೆ ಮರೆತರು. "ಇದು ನಮ್ಮೂರಿನ ಬಾಳಿ! ಇಲ್ಲಿ ಹೆಂಗ ಬಂತು? ಯಾರು ತಂದ್ರು?" ಕಮಲಾಪುರ ಬಿಟ್ಟರೆ ಜಗತ್ತಿನಲ್ಲಿ ಕೆಂಪು ಬಾಳೆ ಇಲ್ಲ ಎಂಬುದು ಅವರ ಬದುಕಿನ ಬುನಾದಿ. ಸೋಮಾವತಿ ಎದೆ ಮುಟ್ಟಿಕೊಂಡು, ಹಿತ್ತಿಲ ಕಡೆ ಕೈ ತೋರಿಸಿ, ತಮ್ಮದೇ ಎಂದರು. ಕಾಶಕ್ಕ ತಮ್ಮ ಎದೆ ಮುಟ್ಟಿಕೊಂಡು, ಉತ್ತರ ದಿಕ್ಕಿಗೆ ಕೈ ತೋರಿಸಿ, ತಮ್ಮದು ಎಂದರು. ಎರಡು ದೇಶಗಳ ಮಾತುಕತೆ ಮುರಿಯುವ ಹಂತಕ್ಕೆ ಬಂದಾಗ ನಾನು ಒಂದು ಹಣ್ಣು ಸುಲಿದು ಕಾಶಕ್ಕನ ಕೈಗಿಟ್ಟೆ.

ತಿಂದರು. "ನಮ್ಮಷ್ಟು ಸಿಹಿ ಇಲ್ಲ."

ಎರಡನೆಯದು ತಿಂದರು. "ಇರಲಿ, ತೊಂದ್ರಿಲ್ಲ."

ಮೂರನೆಯದನ್ನು ಮುಗಿಸಿ, ಸುತ್ತ ನೋಡಿ, ನನ್ನ ಕಿವಿಗೆ ಬಾಯಿ ತಂದರು: "ಒಂದು ಕೂದಲಷ್ಟು ಜಾಸ್ತಿನೇ ಸಿಹಿ ಅದ. ಕಮಲಾಪುರದಾಗ ಯಾರ ಮುಂದೂ ಅನಬ್ಯಾಡ."

ಮರಳುವ ರೈಲು

ಮರುದಿನ ನಾನು ಯಾರನ್ನೂ ಕೇಳಲಿಲ್ಲ. ಮೆತ್ತನೆಯ ಚಪ್ಪಲಿ ತಂದು ಅವರ ಕಾಲಿಗೆ ಹಾಕಿದೆ, ಛತ್ರದ ಬಾಗಿಲಿಗೇ ಆಟೋ ಕರೆಸಿದೆ, ಎ.ಸಿ. ಬೋಗಿಯ ಟಿಕೆಟ್ ತೆಗೆಸಿದೆ. ಕಾಶಕ್ಕ ಬೇಡವೆನ್ನಲಿಲ್ಲ; ಬೊಬ್ಬೆಗೆ ಮರ್ಯಾದೆ ಕೊಟ್ಟರು. ಸೋಮಾವತಿ ನಿಲ್ದಾಣದವರೆಗೂ ಬಂದು ಕಾಶಕ್ಕನ ಎರಡೂ ಕೈ ಹಿಡಿದು ಏನೇನೋ ಹೇಳಿದರು. "ಹರಿ, ಹರಿ" ಎಂದು ಕಾಶಕ್ಕ ಸರಿಯಾದ ಜಾಗದಲ್ಲೇ ಅಂದರು.

ರೈಲು ಹೊರಟಿತು. ಮೊದಲ ಅರ್ಧ ತಾಸು ಅವರು ಸೀಟಿನ ತುದಿಯಲ್ಲಿ, ಇಳಿಯಲು ಸಿದ್ಧರಾದವರಂತೆ ಕುಳಿತಿದ್ದರು. ಆಮೇಲೆ ಬೆನ್ನು ಹಿಂದಕ್ಕೆ ಆನಿಸಿದರು. ಕಾಲುಗಳು ಮೇಲೆ ಬಂದವು. ನಾನು ಪಕ್ಕದ ಗುಂಡಿ ಒತ್ತಿದಾಗ ಸೀಟು ಹಿಂದಕ್ಕೆ ವಾಲಿತು, "ಅಯ್ಯ!" ಎಂದು ಚೀರಿ, ಹಾಗೇ ಮಲಗಿದರು. ಕಿಟಕಿಯಾಚೆ ಗದ್ದೆ, ಕೆರೆ, ತೆಂಗು, ಮತ್ತೆ ಕೆರೆ. ತಣ್ಣನೆಯ ಗಾಳಿ. ನಿದ್ದೆ ಹತ್ತಿತೆಂದುಕೊಂಡೆ.

"ರತ್ನಾ."

"ಏನ್ರೀ ಅಕ್ಕಾ?"

"ಇನ್ನಾ ಎರಡು ದಿನ ಇದ್ದು ಹೋದ್ರ ಹೆಂಗ?"

ನಾನು ಸರಿದು ಕುಳಿತೆ. "ಏನಂತ ಮಾತಾಡ್ತೀರ್ರೀ? ನಾಳಿನ ವಿಮಾನದ ಟಿಕೆಟ್ ಹಾಳಾಗ್ತದ. ಮತ್ತ ಹೊಸಾದು ತಗೋಬೇಕು, ಮತ್ತ ಇರಾಕ ಕ್ವಾಣಿ, ಮತ್ತ ಊಟ. ಸುಮ್ನ ಯಾಕ ಖರ್ಚು?"

ಕಾಶಕ್ಕ ಕಣ್ಣು ತೆರೆದು ನನ್ನನ್ನೇ ನೋಡಿದರು. ಆಮೇಲೆ ನಗಲು ಶುರುಮಾಡಿದರು. ಬೋಗಿಯವರೆಲ್ಲ ತಿರುಗಿ ನೋಡಿದರೂ ನಿಲ್ಲಿಸಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, ನನ್ನ ತೊಡೆಯ ಮೇಲೆ ಒಂದು ಏಟು ಹಾಕಿದರು.

"ಲಗ್ನ ಆಗಿ ಇಪ್ಪತ್ತಾರು ವರ್ಷ ಆತು. ಇವತ್ತು ಆದಿ ನೋಡು ನಮ್ಮ ಮನಿ ಸೊಸಿ."